ಮೂಡಲ ಶೆಡ್ಡಿನ ಕುಂಕುಮ

ಲಕ್ಷ್ಮಿಬಾಯಿಯವರು ಬಿಡಿಸಿದ ಪ್ರಕರಣಗಳನ್ನೆಲ್ಲ ನಾನು ಹೆಮ್ಮೆಯಿಂದ ಬರೆದಿಟ್ಟಿದ್ದೇನೆ. ಇದೊಂದನ್ನು ಬರೆಯಲು ಮಾತ್ರ ವರ್ಷವಿಡೀ ಮೀನಮೇಷ ಎಣಿಸಿದೆ. ಐನಾಪುರದ ಆ ಶೆಡ್ಡಿನ ವಿಷಯದಲ್ಲಿ ತಪ್ಪು ಮಾಡಿದವರು ಇಬ್ಬರು. ಒಬ್ಬನನ್ನು ಲಕ್ಷ್ಮಿಬಾಯಿ ಹತ್ತು ಜನರ ಎದುರಿಗೆ ಹಿಡಿದರು. ಇನ್ನೊಬ್ಬಳು ನಾನು.

ಲಕ್ಷ್ಮಿಬಾಯಿ ಚಿಕ್ಕೋಡಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಇಲಾಖೆಗೆ ಕಂಪ್ಯೂಟರ್ ಬಂದಾಗ ಗಂಡಸರೆಲ್ಲ ಹಿಂದೆ ಸರಿದರಂತೆ, ಇವರು ಮಾತ್ರ ಹಟ ಹಿಡಿದು ಯುನಿಕ್ಸನ್ನೂ ಸಿ ಭಾಷೆಯನ್ನೂ ಕಲಿತರು. ಊರಲ್ಲಿ ಏನಾದರೂ ಕಳುವಾದರೆ, ಯಾರ ಮೇಲಾದರೂ ಇಲ್ಲದ ಅಪವಾದ ಬಂದರೆ, ಜನ ಠಾಣೆಗೆ ಹೋಗುವ ಮೊದಲು ಅವರ ಬಾಗಿಲಿಗೆ ಬರುತ್ತಾರೆ. ಅವರು ಮನೆಯಲ್ಲಿದ್ದಾರೋ ಇಲ್ಲವೋ ಎಂದು ಕೂಗಿ ಕೇಳುವ ಅಗತ್ಯವೇ ಇಲ್ಲ. ಅಥಣಿಯಲ್ಲಿ ಹೊಲಿಸಿದ ಒಂದೇ ಜೊತೆ ಚಪ್ಪಲಿ ಅವರದು, ನಡೆದರೆ ಕಿರ್ರೆನ್ನುತ್ತದೆ. ಅದು ಮೆಟ್ಟಿಲ ಮೇಲಿದ್ದರೆ ಬಾಯಿ ಒಳಗಿದ್ದಾರೆಂದು ನಮ್ಮ ಓಣಿಗೆಲ್ಲ ಗೊತ್ತು.

ನಾನು ಮಮತಾಜ, ಗೋಡೆಯಾಚೆಯ ಟೇಲರ್. ಇಪ್ಪತ್ತಾರು ವರ್ಷಗಳಿಂದ ಅವರ ಬ್ಲೌಸು ಹೊಲಿದಿದ್ದೇನೆ, ಅವರು ಎಲ್ಲಿ ಹೋದರೂ ಚೀಲ ಹಿಡಿದು ಬೆನ್ನು ಹತ್ತಿದ್ದೇನೆ. ಅವರಿಗೆ ನನ್ನನ್ನು ಬಿಟ್ಟರೆ ಹತ್ತಿರದವರಿಲ್ಲ ಎಂದೇ ತಿಳಿದಿದ್ದೆ. ಆಮೇಲೆ ಅರ್ಶಿಯಾ ಬಂದಳು.

ಕಬ್ಬೂರಿನ ಹುಡುಗಿ, ಪಾಲಿಟೆಕ್ನಿಕ್ ಮುಗಿಸಿದವಳು, ಇಪ್ಪತ್ಮೂರರ ವಯಸ್ಸು. ಸಿ ಭಾಷೆ ಹೇಳಿಕೊಡಿ ಎಂದು ಎರಡು ವರ್ಷದ ಹಿಂದೆ ಬಂದವಳು ಮನೆಯ ಮಗಳಂತೆ ಆಗಿಬಿಟ್ಟಳು. "ಭಾಳ ಶಾಣ್ಯಾ ಹುಡುಗಿ ಮಮತಾಜ, ಒಂದ ಸಲ ಹೇಳಿದ್ರ ಸಾಕು," ಎಂದು ಬಾಯಿ ನನಗೇ ಹೇಳುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ನನ್ನನ್ನು ಅವರು ಶಾಣ್ಯಾ ಅಂದದ್ದು ನನಗೆ ನೆನಪಿಲ್ಲ. ನನಗೆ ಹೊಟ್ಟೆಕಿಚ್ಚಾಗಿತ್ತು. ಇದನ್ನು ಬೇರೆ ಮಾತಿನಲ್ಲಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಶಿವರಾತ್ರಿ ಅಮವಾಸ್ಯೆಯ ಗುರುವಾರ ಅದು ನೆತ್ತಿಗೇರಿತು. ಅಮವಾಸ್ಯೆಗೆ ಬಾಯಿ ಹೋಳಿಗೆ ಮಾಡಿದರೆ ನನಗೆಂದು ಎರಡು ಮುಚ್ಚಿಡುವುದು ವಾಡಿಕೆ. ಅವತ್ತು ಆ ಹುಡುಗಿ ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷ ಇರುವಾಗ ಬಂದಳು, ಐದೂಕಾಲರ ತನಕ ಎದ್ದು ಹೋಗಲಿಲ್ಲ. ಗೋಡೆಯಾಚೆಯಿಂದ ನಗು ಕೇಳುತ್ತಲೇ ಇತ್ತು. ನಾನು ಒಂದು ಬ್ಲೌಸಿನ ತೋಳನ್ನು ಮೂರು ಸಲ ಬಿಚ್ಚಿ ಹೊಲಿದೆ. ಸಂಜೆ ಬಾಯಿ ಬಂದು, "ಹೋಳಿಗಿ ಉಳೀಲಿಲ್ಲ ಮಮತಾಜ, ಹುಡುಗಿ ಹಸದಿದ್ಳು," ಎಂದರು.

ಮುಂದಿನ ಮಂಗಳವಾರ ಮೂರರ ಬಿಸಿಲಲ್ಲಿ ಅರ್ಶಿಯಾ ಮತ್ತೆ ಬಂದಳು. ಮುಖ ಬಾಡಿತ್ತು. ಬಾಯಿ ಒಳಗೆ ಊಟ ಮಾಡಿ ಮಲಗಿದ್ದರು. ನಾನು ಕಟ್ಟೆಯ ಮೇಲೆ ಕುಳಿತು ಹುಕ್ಕು ಹಚ್ಚುತ್ತಿದ್ದೆ.

"ಬಾಯಾರ ಅದಾರೇನ್ರಿ ಚಾಚಿ? ಭಾಳ ಅರ್ಜೆಂಟ್ ಐತ್ರಿ."

"ನಿಪ್ಪಾಣಿಗಿ ಹೋಗ್ಯಾರ. ನಾಳಿಗಿ ಬಾ," ಎಂದೆ.

ಆ ಮಾತು ಆಡಿದಾಗ ನನಗೆ ಒಂದು ಬಗೆಯ ಸುಖವೇ ಆಯಿತು. ಅರ್ಶಿಯಾ ಮೆಟ್ಟಿಲ ಕಡೆ ಒಂದು ಸಲ ನೋಡಿದಳು, "ಹೌದ್ರಿ" ಎಂದಳು, ಹೊರಟು ಹೋದಳು. ಅವಳು ಬಂದಿದ್ದಳೆಂದು ನಾನು ಬಾಯಿಗೆ ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಅವಳು ಕಾರಿನಲ್ಲಿ ಬಂದಳು. ಜೊತೆಗೆ ನಿಖಿಲ ಎಂಬ ತರುಣ. ಅವಳ ಸಹಪಾಠಿ, ಐನಾಪುರದ ದ್ರಾಕ್ಷಿ ಬೆಳೆಗಾರ ಶ್ರೀಪಾಲನ ಅಣ್ಣನ ಮಗ, ಚಿಕ್ಕೋಡಿಯಲ್ಲಿ ರೂಮು ಮಾಡಿಕೊಂಡಿರುವವ. ಅರ್ಶಿಯಾ ಕೂರಲೂ ಇಲ್ಲ.

"ಬಾಯಾರ, ಶ್ರೀಪಾಲಣ್ಣಾರ ಮೂಡಲ ಶೆಡ್ಡಿನ ಮಾಲ ಪೂರಾ ಕಪ್ಪ ಆಗೇತ್ರಿ. ನನ್ನ ಪ್ರೋಗ್ರಾಮದಿಂದ ಆತು ಅನ್ನಾಕತ್ತಾರ. ಇವತ್ತ ನಾಕಕ್ಕ ಬೆಳೆಗಾರರ ಸಂಘದ ಮೀಟಿಂಗ್ ಐತಿ. ನಲವತ್ತ ಶೆಡ್ಡಿಗಿ ನನ್ನ ಪ್ರೋಗ್ರಾಮ ಹಾಕೂದಿತ್ತು. ಇವತ್ತ ನನ್ನ ಮ್ಯಾಲ ತಪ್ಪ ಬರದ್ರ ಕಾಗವಾಡ, ಅಥಣಿ ಕಡೆ ಯಾರೂ ನನ್ನ ಬಾಗಲಕ ಬಿಟ್ಟಕೊಳ್ಳೂದಿಲ್ರಿ."

ನಿಖಿಲ ಮೃದುವಾಗಿ ಸೇರಿಸಿದ. "ಆಕಿದೇನೂ ತಪ್ಪಿಲ್ರಿ. ನನಗ ಖರೇ ಕಾರಣ ಗೊತ್ತೈತಿ. ನಮ್ಮ ಶೆಡ್ಡಿನ್ಯಾಗ ದುಡಿಯೂ ಜ್ಞಾನದೇವ ಮಾಮಾ ಪ್ರತಿ ಅಮಾಸಿಗಿ ಮಷೀನಿನ ವಾಯರ್ ಎಲ್ಲಾ ಕಿತ್ತು, ಒರಸಿ, ಪೂಜಾ ಮಾಡಿ ಮತ್ತ ಹಾಕತಾನ್ರಿ. ಈ ಸಲ ಹಿಂದ ಮುಂದ ಹಾಕ್ಯಾನ. ಯಾರದೂ ತಪ್ಪಲ್ಲ, ಇಂಥಾ ಪ್ರೋಗ್ರಾಮ ನಮ್ಮ ಶೆಡ್ಡಿಗಿ ಹೊಂದೂದಿಲ್ಲ ಅಷ್ಟ. ಇದನ್ನ ನೀವು ಕಾಕಾಗ ತಿಳಿಸಿ ಹೇಳ್ರಿ."

ಬಾಯಿ ಅವನನ್ನು ಕನ್ನಡಕದ ಮೇಲಿನಿಂದ ನೋಡಿದರು. "ನೋಡಿ ಹೇಳೂಣು," ಎಂದು ಎದ್ದರು. ನಾನು ಚೀಲ ತಗೊಂಡೆ.

ರಾಯಬಾಗ ದಾಟಿ ಕುಡಚಿ ಸೇತುವೆ ಸಿಗುವ ತನಕ ಅರ್ಶಿಯಾ ವಿವರಿಸುತ್ತಲೇ ಇದ್ದಳು, ಬಾಯಿ ಬಿಡಿಸಿ ಬಿಡಿಸಿ ಕೇಳಿದರು. ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಶ್ರೀಪಾಲನಿಗೆ ಎರಡು ಶೆಡ್ಡು, ಮೂಡಲದ್ದೊಂದು, ಪಡುವಲದ್ದೊಂದು. ದ್ರಾಕ್ಷಿಯನ್ನು ಬಲೆಯಂಥ ಜಾಳಿಗೆಯ ಮೇಲೆ ಹರಡಿ ಒಣದ್ರಾಕ್ಷಿ ಮಾಡುತ್ತಾರೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಹಸಿರು ಮಾಲು ಕೆಂಪಾಗಿ, ಆಮೇಲೆ ಕಪ್ಪಾಗುತ್ತದೆ. ಎರಡೂ ಶೆಡ್ಡಿನಲ್ಲಿ ತೇವ ಅಳೆಯುವ ಒಂದೊಂದು ಯಂತ್ರವಿದೆ. ಎರಡರ ವಾಯರ್ ಒಂದೇ ಕಂಪ್ಯೂಟರಿಗೆ ಬರುತ್ತದೆ. ಯಾವ ಶೆಡ್ಡು ತೇವವಾಗಿದೆಯೋ ಅಲ್ಲಿ ಬಿಸಿಗಾಳಿಯ ಬ್ಲೋವರನ್ನು ಅರ್ಶಿಯಾಳ ಪ್ರೋಗ್ರಾಮು ತಾನೇ ಚಾಲೂ ಮಾಡುತ್ತದೆ.

"ಎರಡೂ ಯಂತ್ರ ಒಂದ ಕಂಪನೀದು, ಒಂದ ನಮೂನಿ. ಕಂಪ್ಯೂಟರ್ ಅವನ್ನ ಹ್ಯಾಂಗ ಗುರುತು ಹಿಡಿತೈತಿ?" ಎಂದು ಬಾಯಿ ಕೇಳಿದರು.

"ಅದರಾಗಿನ ಲಿನಕ್ಸ್ ಹೆಸರ ಕೊಡತೈತ್ರಿ. ಟಿಟಿವೈ ಯುಎಸ್‌ಬಿ ಸೊನ್ನೆ, ಟಿಟಿವೈ ಯುಎಸ್‌ಬಿ ಒಂದು. ಸೊನ್ನೆ ಅಂದ್ರ ಮೂಡಲ, ಒಂದ ಅಂದ್ರ ಪಡುವಲ. ನಾನು ಬರೇ ಹೆಸರ ನಂಬಿಲ್ರಿ. ನೀವು ಕಲಿಸಿದಂಗ, ತಗದ ಫಾಯಿಲಿಗಿ ಅದರ ನಂಬರ ಕೇಳತೇನಿ. ನೂರ ಎಂಬತ್ತೆಂಟು ಸೊನ್ನೆ, ನೂರ ಎಂಬತ್ತೆಂಟು ಒಂದು. ಆ ನಂಬರ ಹಿಡಕೊಂಡ ಡೆವ್ ಅನ್ನೂ ಫೋಲ್ಡರಿನ್ಯಾಗ ಹೆಸರ ಹುಡಕತೇನಿ. ದಿನಾ ಎರಡೂ ತಾಳೆ ಆಗ್ಯಾವ. ತಪ್ಪ ಎಲ್ಲಿ ಅಂತ ತಿಳೀವಲ್ದು."

ಬಾಯಿ ಕಿಟಕಿಯಾಚೆ ಕೃಷ್ಣೆಯ ನೀರನ್ನು ನೋಡುತ್ತ ಕುಳಿತರು. ನನಗೆ ಒಳಗೊಳಗೇ ಅನಿಸಿತು, ಶಾಣ್ಯಾ ಹುಡುಗಿಯ ಶಾಣ್ಯಾತನ ಇಷ್ಟೇ.

ಶೆಡ್ಡಿನ ಅಂಗಳದಲ್ಲಿ ಶ್ರೀಪಾಲ ನಿಂತಿದ್ದ. ಐವತ್ತರ ಆಸುಪಾಸಿನ ಗಟ್ಟಿ ಆಳು. ಅರ್ಶಿಯಾಳ ಕಡೆ ತಿರುಗಿಯೂ ನೋಡಲಿಲ್ಲ.

"ಬರ್ರಿ ಬಾಯಾರ, ನೋಡ್ರಿ," ಎಂದು ಮೂಡಲ ಶೆಡ್ಡಿಗೆ ಕರೆದೊಯ್ದ. ಹನ್ನೊಂದು ಹಂತದ ಜಾಳಿಗೆಗಳಲ್ಲಿ ಮಾಲು ಕಪ್ಪಗೆ ಅಂಟಂಟಾಗಿ ಬಿದ್ದಿತ್ತು. "ಈಕಿನ್ನ ನಾನು ಮಗಳಂಗ ಕಂಡಿದ್ನಿ. ಊಟಕ ಕುಂತಾಗೆಲ್ಲಾ ನಿಖಿಲಗ ಹೇಳತಿದ್ನಿ, ಅರ್ಶಿಯಾನ್ನ ನೋಡಿ ಕಲಿಯೋ ಅಂತ. ಆಕಿನ ಹಿಂಗ ಮಾಡಿದ್ಳು."

ಹಿಂದಿನಿಂದ ಒಂದು ಬತ್ತಿದ ಧ್ವನಿ ಬಂತು. "ಸಾವಕಾರ್ರ, ಶನಿವಾರನ ಹೇಳಿದ್ನೆಲ್ಲರಿ. ಇಲ್ಲಿ ಕೈ ಇಟ್ರ ತಂಪ ಹತ್ತತೈತಿ, ಗಾಳಿ ಮಾತ್ರ ಆ ಕಡೆ ಶೆಡ್ಡಿನ್ಯಾಗ ಬೀಸಾಕತ್ತೈತಿ ಅಂತ."

ಅದು ಜ್ಞಾನದೇವ, ಶೆಡ್ಡಿನ ಆಳುಗಳನ್ನು ನೋಡಿಕೊಳ್ಳುವ ಮುಕಾದಮ. ಇಪ್ಪತ್ತು ವರ್ಷ ಕೈಯಿಂದಲೇ ತೇವ ಅಳೆದವನು. ಶ್ರೀಪಾಲ ತಲೆ ತಗ್ಗಿಸಿದ. "ಹೇಳಿದ್ದ. ಸ್ಕ್ರೀನ್ ಮ್ಯಾಲ ಮೂಡಲ ಒಣಗೇತಿ ಅಂತ ತೋರಸಾಕತ್ತಿತ್ತು. ನಿನ್ನ ಕೈಗಿಂತ ಮಷೀನ ಖರೇ ಅಂತ ನಾನ ಬೈದ್ನಿ."

"ಯಾವಾಗ ಕೆಡಾಕ ಹತ್ತಿತು?" ಎಂದರು ಬಾಯಿ.

"ಸೋಮವಾರ ಮ್ಯಾಲಿನ ಎರಡ ಜಾಳಗಿ ಕೆಂಪಾಗಿದ್ವು," ಎಂದ ಜ್ಞಾನದೇವ. "ನಿನ್ನಿ ಸಂಜಿ ತನಕಾ ಅರ್ಧ ಮಾಲ ಹಸರನ ಇತ್ರಿ. ಯಾರರೆ ನಿನ್ನಿ ಐದ ಆರರ ಸುಮಾರಕ ಬಂದ ಗಾಳಿ ಇತ್ತ ಹೊಳ್ಳಿಸಿದ್ರ ಅರ್ಧರೆ ಉಳೀತಿತ್ತು."

ನಿಪ್ಪಾಣಿಯ ಸುಳ್ಳು ಹೇಳಿ ನಾನು ಅವಳನ್ನು ತಿರುಗಿಸಿ ಕಳಿಸಿದ್ದು ನಿನ್ನೆ ಮೂರಕ್ಕೆ. ಅರ್ಶಿಯಾ ನನ್ನ ಕಡೆ ನೋಡಲಿಲ್ಲ. ನಿನ್ನೆ ಚಿಕ್ಕೋಡಿಗೆ ಬಂದಿದ್ದೆ ಎಂದು ಅವಳು ಯಾರಿಗೂ ಹೇಳಲೂ ಇಲ್ಲ. ಅದು ನನಗೆ ಇನ್ನಷ್ಟು ಸಂಕಟ ತಂದಿತು.

ಕಂಪ್ಯೂಟರ್ ಇದ್ದದ್ದು ಎರಡು ಶೆಡ್ಡಿನ ನಡುವಿನ ಚಿಕ್ಕ ಕೋಣೆಯಲ್ಲಿ. ಶ್ರೀಪಾಲ, ಜ್ಞಾನದೇವ ಇಬ್ಬರೂ ಪಡುವಲ ಶೆಡ್ಡಿಗೆ ಹೋದರು, ಉಳಿದವರು ಒಳಗೆ ಬಂದೆವು. ಬಾಗಿಲ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ ದಾರ ತೂಗುತ್ತಿತ್ತು. ದಾರ ಕಂಡರೆ ನನ್ನ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಅದು ಹೊಗೆ ಹಿಡಿದು ಮಾಸಿತ್ತು, ನಿಂಬೆ ಒಣಗಿ ಗಟ್ಟಿ ಕರಿ ಗುಂಡಾಗಿತ್ತು. ಕಂಪ್ಯೂಟರಿನ ಹಿಂದೆ ಎರಡು ವಾಯರು, ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು ದಾರ. ಸಾಕೆಟ್ಟಿನ ಪಕ್ಕದಲ್ಲೂ ಕೆಂಪು, ಹಸಿರು ಬಣ್ಣದ ಚುಕ್ಕೆ. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಸರಿಯಾಗಿಯೇ ಇತ್ತು.

"ಕೆಂಪ ಮೂಡಲ, ಹಸರ ಪಡುವಲ," ಎಂದಳು ಅರ್ಶಿಯಾ. "ಮಾಮಾಗ ಓದಾಕ ಬರೂದಿಲ್ಲಂತ ದಾರ ಕಟ್ಟೀನ್ರಿ. ಪೂಜಾದ ದಿನ ಮೊದಲ ಗೋಡಿ ಮ್ಯಾಲಿನ ಬಟನ್ ಒತ್ತಿ ಎಲ್ಲಾ ಬಂದ್ ಮಾಡೂದು, ಆಮ್ಯಾಲ ವಾಯರ್ ತಗಿಯೂದು, ಬಣ್ಣ ನೋಡಿ ಹಾಕೂದು, ಕಡೀಕ ಬಟನ್ ಒತ್ತೂದು. ಅಷ್ಟ ಕಲಿಸೀನಿ."

ಎರಡು ಪ್ಲಗ್ಗಿನ ತಲೆಯ ಮೇಲೂ ಕೆಂಪಗೆ ಕುಂಕುಮದ ಬೊಟ್ಟಿತ್ತು. ಬಾಯಿ ಬೆರಳಿನಿಂದ ಮುಟ್ಟಿ ನೋಡಿದರು. ಪುಡಿ ಇನ್ನೂ ಉದುರುತ್ತಿತ್ತು.

"ಅಮಾಸಿ ಪೂಜಾದ್ದ್ರಿ," ಎಂದ ನಿಖಿಲ. "ನಾನೂ ಅವತ್ತ ಬಂದಿದ್ನಿ. ಎಂಟ ದಿನ ಕೊಲ್ಹಾಪುರದಾಗ ಟ್ರೇನಿಂಗ್ ಇತ್ತು, ಮುಗಿಸಿಕೊಂಡ ಹೊಳ್ಳಿ ಹೋಗೂಮುಂದ ಗಾಡಿ ಒಯ್ಯಾಕ ಇಲ್ಲಿ ಇಳದಿದ್ನಿ. ಎಲ್ಲಾರೂ ಊಟಕ ಹೋಗಿದ್ರು. ಪೂಜಾ ಮುಗದ ಈ ಕುಂಕುಮ ಹಚ್ಚಿತ್ತು, ನಾನ ಕಣ್ಣಾರೆ ನೋಡೀನಿ. ಆಮ್ಯಾಲ ಇಲ್ಲಿಗಿ ಬಂದದ್ದು ಇವತ್ತನ."

"ಹಂಗಾರ ಪೂಜಾ ಆಗಿತ್ತು ಅಂದಂಗಾತು," ಎಂದರು ಬಾಯಿ, ಮತ್ತು ಕೀಬೋರ್ಡಿನ ಮುಂದೆ ಕುಳಿತರು.

ಸ್ಕ್ರೀನಿನ ಮೇಲೆ ಸಾಲು ಸಾಲಾಗಿ ಅಕ್ಷರ ಓಡಿದವು. ಕಂಪ್ಯೂಟರಿಗೆ ಏನೇನು ಸಿಕ್ಕಿಸಿದರು, ಏನೇನು ತೆಗೆದರು ಎಂಬುದೆಲ್ಲ ಗಂಟೆ, ನಿಮಿಷದ ಸಮೇತ ಅಲ್ಲಿ ಬರೆದಿರುತ್ತದಂತೆ. ಬಾಯಿ ಹಿಂದಿನ ಮೂರು ಅಮವಾಸ್ಯೆಯ ಪುಟ ನೋಡಿದರು, ಕಡೆಯ ಅಮವಾಸ್ಯೆಯ ಪುಟ ಎರಡು ಸಲ ನೋಡಿದರು. ಅರ್ಶಿಯಾ ಅವರ ಹೆಗಲ ಮೇಲಿನಿಂದ ಬಾಗಿ ನೋಡುತ್ತಿದ್ದಳು. ಒಂದು ಸಾಲು ಬಂದಾಗ ಇಬ್ಬರೂ ಒಟ್ಟಿಗೆ "ಹಾಂ" ಎಂದರು. ಅಂಥ ಹೊತ್ತಿನಲ್ಲೂ ನನ್ನ ಹೊಟ್ಟೆ ಉರಿಯಿತು, ಏನು ಮಾಡಲಿ.

ಹೊರಗೆ ಬಂದಾಗ ಜ್ಞಾನದೇವ ಪೇಢೆಯ ಡಬ್ಬಿ ಹಿಡಿದು ನಿಂತಿದ್ದ. ದುಃಖದ ನಡುವೆಯೂ ಅವನ ಮುಖದಲ್ಲಿ ಸ್ವಲ್ಪ ಬೆಳಕಿತ್ತು.

"ತಗೋರಿ ಬಾಯಾರ. ಮಗಗ ಗಂಡ ಹುಟ್ಟೇತಿ. ನಾಳಿಗಿ ಬಾರಸಿ, ಹನ್ನೆರಡನೇ ದಿನ ತೊಟ್ಟಲಕ ಹಾಕಿ ಹೆಸರಿಡೂದು. ಸಾವಕಾರ್ರಿಗಿ, ಆಳುಮಂದಿಗಿ ಎಲ್ಲಾ ಹುಟ್ಟಿದ ದಿನಾನ ಕೊಟ್ಟೀನಿ. ನಿಖಿಲಪ್ಪಾ, ನಿನಗ ಇವತ್ತ ಸಿಕ್ಕಿತು ನೋಡು."

ಬಾಯಿ ಒಂದು ತಿಂದು ಇನ್ನೊಂದು ಕೇಳಿ ತಗೊಂಡರು. ನಿಖಿಲ ಪೇಢೆಯನ್ನು ಕೈಯಲ್ಲಿ ಹಿಡಿದೇ ನಿಂತ. ಸ್ವಲ್ಪ ಹೊತ್ತಿನ ಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಅದರಲ್ಲಿ ಕಟ್ಟಿಟ್ಟುಕೊಂಡ. ಕಾಕಾನ ನಷ್ಟ ನೋಡಿ ಅವನ ನಾಲಿಗೆಗೆ ರುಚಿಸಲಿಲ್ಲ ಎಂದು ನಾನು ತಿಳಿದೆ.

ನಾಲ್ಕಕ್ಕೆ ಸಂಘದ ಕೋಣೆಯಲ್ಲಿ ಎಲ್ಲರೂ ಕೂಡಿದರು. ಅಧ್ಯಕ್ಷ ಈಶ್ವರ, ಐದಾರು ಬೆಳೆಗಾರರು, ಶ್ರೀಪಾಲ, ನಿಖಿಲ. ಜ್ಞಾನದೇವ ಬಾಗಿಲ ಹತ್ತಿರ ನಿಂತ. ಅರ್ಶಿಯಾ ಗೋಡೆಗೆ ಆತು ಕುಳಿತಿದ್ದಳು, ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ.

"ಹೇಳ್ರಿ ಬಾಯಾರ," ಎಂದ ಈಶ್ವರ. "ಈ ಹುಡುಗಿ ಪ್ರೋಗ್ರಾಮ ತಪ್ಪೈತೋ ಇಲ್ಲೋ? ಅಷ್ಟ ಬರದ ಮುಗಸೂಣು."

"ಪ್ರೋಗ್ರಾಮಿನ್ಯಾಗ ಒಂದ ಕೊರತಿ ಐತಿ, ಅದು ನಾ ಕಲಿಸಿದ್ದರ ಕೊರತಿ," ಎಂದರು ಬಾಯಿ. "ಟೆಲಿಫೋನ್ ಡೈರೆಕ್ಟರಿ ನೋಡೀರಿ ಹೌದಲ್ಲೋ? ನಂಬರ ಹಿಡದ ಹುಡಕಿದ್ರ ಹೆಸರ ಸಿಗತೈತಿ, ಹೆಸರ ಹಿಡದ್ರ ನಂಬರ ಸಿಗತೈತಿ. ಆದ್ರ ಆ ವಾಯರ್ ಖರೇನ ಯಾರ ಮನಿಗಿ ಹೋಗೈತಿ ಅಂತ ಡೈರೆಕ್ಟರಿ ಹೇಳೂದಿಲ್ಲ. ಅದನ್ನ ಕಂಬ ಹತ್ತೇ ನೋಡಬೇಕು. ಈಕಿ ಪ್ರೋಗ್ರಾಮ ಡೈರೆಕ್ಟರಿ ಸರಿಯಾಗಿ ನೋಡೇತಿ. ಸೊನ್ನೆ ನಂಬರಿಗಿ ಸೊನ್ನೆ ಹೆಸರು, ಒಂದಕ ಒಂದು. ಆದ್ರ ಕಂಪ್ಯೂಟರ್ ಚಾಲೂ ಇದ್ದಾಗ ಯಾವ ವಾಯರ್ ಮೊದಲ ಸಿಗಸ್ತೀರಿ, ಅದಕ ಸೊನ್ನೆ ಕೊಡತೈತಿ. ಪಡುವಲ ಮೊದಲ ಸಿಗಸಿದ್ರ ಪಡುವಲಕ ಮೂಡಲದ ಹೆಸರ ಬರತೈತಿ. ಅಮಾಸಿ ದಿನದಿಂದ ಹಂಗ ಆಗೇತಿ. ಮೂಡಲ ತೇವ ಆದ್ರ ಪಡುವಲದಾಗ ಗಾಳಿ ಬೀಸೇತಿ."

"ಅದನ್ನ ನಾ ಹೇಳಿದ್ನೆಲ್ಲರಿ," ಎಂದ ನಿಖಿಲ. "ವಾಯರ್ ಹಿಂದ ಮುಂದ ಆಗ್ಯಾವ ಅಂತ."

"ತಡಿಯಪ್ಪಾ. ಜ್ಞಾನದೇವ ಪೂಜಾಕ ಮೊದಲ ಗೋಡಿ ಮ್ಯಾಲಿನ ಬಟನ್ ಒತ್ತತಾನ. ಕಂಪ್ಯೂಟರ್ ಬಂದ್ ಆಗತೈತಿ. ಎರಡೂ ವಾಯರ್ ಹಾಕಿದ ಮ್ಯಾಲ ಚಾಲೂ ಮಾಡತಾನ. ಅವಾಗ ಕಂಪ್ಯೂಟರ್ ಎಡಗಡೆ ಸಾಕೆಟ್ಟಿನಿಂದ ಎಣಸತೈತಿ, ಎಡಕ್ಕ ಕೆಂಪ ಐತಿ. ಅದಕ ಹಿಂದಿನ ಮೂರ ಅಮಾಸಿನೂ ಹೆಸರ ಸರಿಯಾಗಿ ಬಂದಾವ, ಬರದದ್ದನ್ನ ನೋಡೀನಿ. ಈ ಅಮಾಸಿಗಿ ಕಂಪ್ಯೂಟರ್ ಬಂದ್ ಆಗೇ ಇಲ್ಲ. ಮಧ್ಯಾಹ್ನ ಎರಡೂ ನಲವತ್ತಕ ಯಾರೋ ಮೊದಲ ಪ್ರೋಗ್ರಾಮ ನಿಲ್ಲಿಸ್ಯಾರ, ಎರಡೂ ವಾಯರ್ ಕಿತ್ತಾರ, ಪಡುವಲ ಮೊದಲ ಹಾಕ್ಯಾರ, ಮೂಡಲ ಆಮ್ಯಾಲ, ಮತ್ತ ಪ್ರೋಗ್ರಾಮ ಚಾಲೂ ಮಾಡ್ಯಾರ. ಪ್ರೋಗ್ರಾಮ ನಿಲ್ಲಿಸದ ವಾಯರ್ ಕಿತ್ತಿದ್ರ ಕಂಪ್ಯೂಟರ್ ಹಳೇ ಹೆಸರ ಹೊಳ್ಳಿ ಕೊಡತಿದ್ದಿಲ್ಲ, ಎರಡು, ಮೂರು ಅಂತ ಹೊಸಾವ ಕೊಡತಿತ್ತು. ಅಷ್ಟು ತಿಳದ ಕೈ ಅದು. ಓದಾಕ ಬರದವನ ಕೈ ಅಲ್ಲ."

ಕೋಣೆಯಲ್ಲಿ ಎಲ್ಲರ ಕಣ್ಣೂ ಅರ್ಶಿಯಾಳ ಕಡೆ ತಿರುಗಿದವು. ಅಷ್ಟು ತಿಳಿದ ಕೈ ಅವಳದೂ ಹೌದು. ಶ್ರೀಪಾಲ ಅದನ್ನೇ ಹೇಳಿದ.

"ಅವತ್ತ ಆಕಿ ನನ್ನ ಮನ್ಯಾಗಿದ್ಳು," ಎಂದರು ಬಾಯಿ. "ಆದ್ರ ನಾ ಆಕಿ ಗುರು, ಆಕಿ ಮ್ಯಾಲ ಜೀವ ಇದ್ದಾಕಿ. ನನ್ನ ಮಾತ ಬಿಡ್ರಿ. ಆಕಿನ್ನ ಕಂಡರ ಆಗದವರ ಮಾತ ಕೇಳ್ರಿ. ಮಮತಾಜ, ಅಮಾಸಿ ದಿನ ಅರ್ಶಿಯಾ ಎಷ್ಟಕ ಬಂದ್ಳು, ಎಷ್ಟಕ ಹೋದ್ಳು?"

ಬಾಯಿಗೆ ಎಲ್ಲ ಗೊತ್ತಿತ್ತು. ಎರಡು ವರ್ಷದಿಂದ ನಾನು ಗೋಡೆಗೆ ಕಿವಿಯಿಟ್ಟದ್ದು, ಗಡಿಯಾರ ನೋಡಿದ್ದು, ಎಲ್ಲವೂ. ಇಷ್ಟು ಜನರ ಎದುರಿಗೆ ಅದನ್ನು ಬಿಚ್ಚಿಟ್ಟರಲ್ಲ ಎಂದು ಸಿಟ್ಟು ಬಂತು. ಗೊತ್ತಿಲ್ಲ ಎಂದುಬಿಟ್ಟರೆ ಯಾರೂ ನನ್ನನ್ನು ಕೇಳುವಂತಿರಲಿಲ್ಲ. ಗೋಡೆಯ ಹತ್ತಿರ ಅರ್ಶಿಯಾ ಬೆರಳಿಗೆ ಸುತ್ತಿದ ದುಪಟ್ಟಾವನ್ನು ಬಿಚ್ಚುವುದನ್ನೇ ಮರೆತು ಕುಳಿತಿದ್ದಳು.

"ಒಂದಕ ಹತ್ತ ಮಿನಿಟ ಇತ್ತು, ಬಂದ್ಳು," ಎಂದೆ. "ಐದೂಕಾಲಕ ಹೋದ್ಳು. ನಡಬರಕ ಒಮ್ಮಿನೂ ಹೊರಗ ಬಂದಿಲ್ಲ. ನಾ ಪ್ರತಿ ಮಿನಿಟ ಎಣಿಸೇನಿ."

"ಯಾಕ ಎಣಿಸಿದ್ರಿ?" ಎಂದ ಈಶ್ವರ.

"ಹೊಟ್ಟಿ ಉರೀತಿತ್ರಿ," ಎಂದೆ. ಯಾರೂ ನಗಲಿಲ್ಲ.

ಬಾಯಿ ಮುಂದುವರಿಸಿದರು. "ಹಂಗಾರ ಉಳದವರು ಯಾರು? ಪ್ಲಗ್ಗಿನ ಮ್ಯಾಲ ಕುಂಕುಮ ಐತಿ. ಅದನ್ನ ನೋಡಿದವರು ಪೂಜಾದಾಗ ಆತು ಅನ್ನಲಿ ಅಂತ ಹಚ್ಚಿದ್ದು. ಬಾಗಲದಾಗಿನ ನಿಂಬಿಹಣ್ಣ ನೋಡಿದ್ರ ಹಳೇದು, ಹೋದ ತಿಂಗಳದ್ದು. ಪೂಜಾ ಆಗಿದ್ರ ಮೊದಲ ಅದನ್ನ ಬದಲಿ ಮಾಡತಿದ್ರು. ಜ್ಞಾನದೇವ, ನೀ ಈ ಅಮಾಸಿಗಿ ಪೂಜಾ ಮಾಡಿದೇನು?"

ಜ್ಞಾನದೇವ ಗಾಬರಿಯಾದ. "ಹ್ಯಾಂಗ ಮಾಡಲ್ರಿ ಬಾಯಾರ? ಆಯ್ತವಾರ ಸೊಸಿ ಹಡದ್ಳು. ಗುರುವಾರ ಅಂದ್ರ ಐದನೇ ದಿನ. ಹತ್ತ ದಿನ ಮನಿಗೆಲ್ಲಾ ಸೂತಕ ಅಲ್ಲೇನ್ರಿ, ದೇವರ ದೀಪಾನೂ ನಾವು ಹಚ್ಚೂದಿಲ್ಲ. ಮುಂದಿನ ಅಮಾಸಿಗಿ ಮಾಡೂಣು ಅಂತ ಸಾವಕಾರ್ರ ಹೇಳಿದ್ರು. ನಾ ಮಷೀನ ಮುಟ್ಟೇ ಇಲ್ಲ."

"ಖರೇ, ನಾನ ಹೇಳಿದ್ನಿ," ಎಂದ ಶ್ರೀಪಾಲ. ಅವನ ಧ್ವನಿ ಇಳಿದಿತ್ತು.

"ಶ್ರೀಪಾಲಣ್ಣಗ ಗೊತ್ತಿತ್ತು. ಶೆಡ್ಡಿನ ಆಳುಮಂದಿಗಿ ಗೊತ್ತಿತ್ತು, ಎಲ್ಲಾರೂ ಹುಟ್ಟಿದ ದಿನಾನ ಪೇಢೆ ತಿಂದಾರ. ಇವರ್ಯಾರೂ ಸೂತಕದ ಮನಿಯವನ ಹೆಸರಿಲೆ ಕುಂಕುಮ ಹಚ್ಚತಿದ್ದಿಲ್ಲ. ಅಮಾಸಿ ಅಂದ್ರ ಪೂಜಾ ಆಗೇ ಇರತೈತಿ ಅಂತ ತಿಳದವರು, ಕೂಸ ಹುಟ್ಟಿದ್ದು ತಿಳೀದವರು ಮಾತ್ರ ಹಚ್ಚತಾರ. ಎಂಟ ದಿನ ಕೊಲ್ಹಾಪುರದಾಗಿದ್ದು, ಅಮಾಸಿ ಮಧ್ಯಾಹ್ನ ಎಲ್ಲಾರೂ ಊಟಕ ಹೋದಾಗ ಬಂದ ಹೋದವ ಒಬ್ಬನ ಐದಾನ. ಆಗದ ಪೂಜಾನ್ನ ಕಣ್ಣಾರೆ ನೋಡೀನಿ ಅಂತ ಹೇಳಿದವನೂ ಅವನ. ಇವತ್ತ ಪೇಢೆ ಕೈಗಿ ಬಂದ ಕೂಡಲೇ ಅವಂಗ ತಿಳೀತು, ಎಲ್ಲಿ ತಪ್ಪೇನಿ ಅಂತ. ಅದಕ ಅದನ್ನ ತಿನ್ನಾಕ ಆಗಲಿಲ್ಲ. ನಿಖಿಲ, ಆ ಪೇಢೆ ಇನ್ನೂ ನಿನ್ನ ಜೇಬಿನ್ಯಾಗ ಐತಲ್ಲ?"

ನಿಖಿಲನ ಕೈ ತಾನಾಗಿ ಜೇಬಿಗೆ ಹೋಯಿತು. ಆಮೇಲೆ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಎರಡ ಜಾಳಗಿ ಕೆಂಪಾಗಲಿ ಅಂತ ಮಾಡಿದ್ನಿ ಕಾಕಾ," ಎಂದ. "ಆಮ್ಯಾಲ ನಾನ ಬಂದ ತಪ್ಪ ಹುಡಕಿ ಸರಿ ಮಾಡಬೇಕು, ನೀವು ನನ್ನ ಹೊಗಳಬೇಕು. ಅಷ್ಟನ ಇತ್ತು. ಮೋಡ ಕವಿದು ಇಷ್ಟ ಜಲ್ದಿ ಕೆಡತೈತಿ ಅಂತ ಗೊತ್ತಿದ್ದಿಲ್ಲ. ಊಟಕ ಕುಂತಾಗೆಲ್ಲಾ ಆಕಿ ಹೆಸರು. ನಾನೂ ಅದ ಕಾಲೇಜಿನ್ಯಾಗ ಕಲತೇನಲ್ಲ."

ಶ್ರೀಪಾಲ ಎದ್ದು ಅರ್ಶಿಯಾಳ ಮುಂದೆ ಹೋಗಿ ನಿಂತ. "ತಪ್ಪಾತವ್ವಾ," ಎಂದ. ಜ್ಞಾನದೇವನಿಗೂ ಅದನ್ನೇ ಹೇಳಿದ. ನಿಖಿಲನಿಗೆ ಹೇಳಿದ್ದು ಒಂದೇ ಮಾತು. "ನಾಳಿಂದ ಸೀಜನ್ ಮುಗಿಯೂತನಕ ಜ್ಞಾನದೇವನ ಕೈತಳಗ ಕರೀ ಮಾಲ ಆರಿಸು. ಬೈಯೂದ ಏನಿದ್ರೂ ಅವನ ಬೈತಾನ." ಈಶ್ವರ ಸಂಘದ ಪುಸ್ತಕದಲ್ಲಿ ಅರ್ಶಿಯಾಳ ತಪ್ಪಿಲ್ಲವೆಂದು ಬರೆದ. ಪ್ರೋಗ್ರಾಮು ಇನ್ನು ಮೇಲೆ ಹೆಸರಿನ ಬದಲು ಸಾಕೆಟ್ಟಿನ ಗುರುತು ಹಿಡಿಯಬೇಕೆಂದು ಬಾಯಿ ಹೇಳಿದರು. ನಲವತ್ತು ಶೆಡ್ಡಿನ ಕೆಲಸ ಅವಳಿಗೇ ಉಳಿಯಿತು.

ನಾವು ಬಸ್ಸಿನಲ್ಲಿ ಮರಳಿದೆವು. ಬಾಯಿ ಕಿಟಕಿಯ ಪಕ್ಕ ಕುಳಿತು, "ಸಿಟ್ಟ ಬಂತೇನು?" ಎಂದರು.

"ಬಂತು. ಗೊತ್ತಿದ್ದೂ ಎರಡ ವರ್ಷ ಯಾಕ ಸುಮ್ಮನಿದ್ರಿ?"

"ಹೇಳಿದ್ರ ನೀ ಇಲ್ಲ ಅಂತಿದ್ದಿ. ಆದ್ರ ಒಂದ ಗೊತ್ತಿತ್ತು, ಉರಕೊಂಡರೂ ನೀ ಸುಳ್ಳ ಹೇಳಾಕಿ ಅಲ್ಲ."

ನಾನು ತಲೆ ತಗ್ಗಿಸಿ ಟಿಕೆಟ್ಟು ಮಡಚುತ್ತ ಕುಳಿತೆ. ಮಂಗಳವಾರದ ಮಾತನ್ನು ಅವತ್ತೂ ಹೇಳಲಿಲ್ಲ.

ಎಂಟು ದಿನದ ಮೇಲೆ ಅರ್ಶಿಯಾ ನನ್ನ ಹೊಲಿಗೆ ಮಷಿನ್ನಿನ ಹತ್ತಿರ ಬಂದಳು. ಬಾಯಿಯ ಬಾಗಿಲಿಗೆ ಹೋಗದೆ ಮೊದಲು ನನ್ನಲ್ಲಿಗೇ ಬಂದಳು. ವಾಯರಿಗೆ ಕಟ್ಟಿದ ದಾರ ಜಾರುತ್ತದೆ, ಗಟ್ಟಿ ಬಟ್ಟೆಯಲ್ಲಿ ಕೆಂಪು, ಹಸಿರು ಪಟ್ಟಿ ಹೊಲಿದು ಕೊಡುತ್ತೀರಾ ಎಂದು ಕೇಳಿದಳು. ನಲವತ್ತು ಶೆಡ್ಡಿಗೆ ಎಂಬತ್ತು ಪಟ್ಟಿ. ನಾನು ಬಟ್ಟೆ ಕತ್ತರಿಸಿ ಕೊಟ್ಟೆ, ಅವಳು ಎದುರಿಗೆ ಕುಳಿತು ಅಂಚು ಮಡಚಿ ಕೊಡತೊಡಗಿದಳು. ಕೈ ನೀಟಾಗಿತ್ತು. ಹತ್ತು ಪಟ್ಟಿ ಆಗುವ ತನಕ ತಡೆದೆ. ಆಮೇಲೆ ತಡೆಯಲಾಗಲಿಲ್ಲ.

"ಅರ್ಶಿಯಾ, ಆ ಮಂಗಳವಾರ ಬಾಯಿ ನಿಪ್ಪಾಣಿಗಿ ಹೋಗಿದ್ದಿಲ್ಲ. ಮನ್ಯಾಗ ಇದ್ರು. ನಾ ಖರೇ ಹೇಳಿದ್ರ ಅರ್ಧ ಮಾಲ ಉಳೀತಿತ್ತು."

ಅವಳು ಮಡಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ರಿ ಚಾಚಿ. ನೀವ ಇಲ್ಲ ಅಂದ ಮ್ಯಾಲ ಬಾಗಲ ಬಡಿಯಾಕ ಮನಸ್ಸಾಗಲಿಲ್ಲ," ಎಂದಳು. "ಬಾಯಾರ ಚಪ್ಪಲಿ ಮೆಟ್ಟಲ ಮ್ಯಾಲ ಇದ್ವು."